ಮೂರನೇ ಚರಣ ಹಾಡದ ರಾಜ್ಯ

ಈ ವಾರ ಸುವಾನಿ ನದಿಯ ಹಾಡನ್ನು ಕುರಿತು ಬರೆಯುವುದಾಗಿ ಹೇಳಿದ್ದೆ. ಅದನ್ನು ಕಟ್ಟಿದ ಅಮೆರಿಕದ ಗೀತರಚನಕಾರ ಸ್ಟೀಫನ್ ಫಾಸ್ಟರ್ ಕಣ್ಣಾರೆ ಕಾಣದ ನದಿ ಅದು. ಮೊದಲು ಪೀಡೀ ನದಿಯ ಹೆಸರು ಹಾಕಿದ್ದ, ಅದು ರಾಗಕ್ಕೆ ಒಗ್ಗಲಿಲ್ಲ. ಅಣ್ಣ ಮಾರಿಸನ್ ಜತೆ ಭೂಪಟ ಹುಡುಕಿ ಫ್ಲಾರಿಡಾದ ಸುವಾನಿಯನ್ನು ಹಿಡಿದು, ಹೆಸರನ್ನು ಕೊಂಚ ಮೊಟಕು ಮಾಡಿ ಕೂರಿಸಿದ. 1851ರಲ್ಲಿ ಅಚ್ಚಾದಾಗ ಹಾಡಿನ ಮೇಲಿದ್ದದ್ದು ಮುಖಕ್ಕೆ ಕರಿ ಬಳಿದುಕೊಂಡು ಹಾಡುವ ತಂಡದ ಯಜಮಾನ ಕ್ರಿಸ್ಟಿಯ ಹೆಸರು. ಫಾಸ್ಟರ್ ತಾನೇ ಅದನ್ನು ಮಾರಿಕೊಂಡಿದ್ದ. ಮರುವರ್ಷ ತನ್ನ ಹೆಸರು ಹಾಕಿಸಬೇಕೆಂದು ಪತ್ರ ಬರೆದ, ಫಲಿಸಲಿಲ್ಲ. ಅದೇ ಹಾಡನ್ನು 1935ರಲ್ಲಿ ಫ್ಲಾರಿಡಾ ರಾಜ್ಯಗೀತೆ ಮಾಡಿಕೊಂಡಿತು.

ಸುವಾನಿ ಇಲ್ಲಿಗೆ ಸಾಕು. ನನ್ನನ್ನು ಹೆಚ್ಚು ಕಾಡುವುದು ಫಾಸ್ಟರನ ಇನ್ನೊಂದು ಹಾಡು, 1853ರ 'ಮೈ ಓಲ್ಡ್ ಕೆಂಟಕಿ ಹೋಮ್, ಗುಡ್‌ನೈಟ್'. 1928ರಿಂದ ಅದು ಕೆಂಟಕಿಯ ರಾಜ್ಯಗೀತೆ. ಮೇ ತಿಂಗಳ ಮೊದಲ ಶನಿವಾರ ಲೂಯಿವಿಲ್‌ನ ಡರ್ಬಿ ಕುದುರೆ ಓಟಕ್ಕೆ ಮುನ್ನ ಜನಸಾಗರ ಎದ್ದು ನಿಂತು ಹಾಡುತ್ತದೆ, ಹಲವರು ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಹಾಡುವುದು ಮೊದಲ ಚರಣ ಮತ್ತು ಪಲ್ಲವಿ ಮಾತ್ರ. ಬಿಸಿಲು, ಮಾಗಿದ ಜೋಳ, ಹಕ್ಕಿಗಳ ದನಿ, ಗುಡಿಸಲಲ್ಲಿ ಆಡುವ ಮಕ್ಕಳು. ಆ ಚರಣದ ಕೊನೆಯಲ್ಲೇ ಕಷ್ಟಕಾಲ ಬಾಗಿಲು ತಟ್ಟುತ್ತದೆ. ತಟ್ಟಿದ್ದು ಯಾರೆಂದು ತಿಳಿಯುವ ಮೊದಲೇ ಹಾಡು ಮುಗಿದುಹೋಗುತ್ತದೆ.

ಎರಡನೇ ಚರಣದಲ್ಲಿ ಬೇಟೆಯಿಲ್ಲ, ಬೆಳದಿಂಗಳ ಹಾಡಿಲ್ಲ, ಮನೆಯವರು ಅಗಲುವ ಹೊತ್ತು ಬಂದಿದೆ. ಮೂರನೆಯದರಲ್ಲಿ ಹಾಡುತ್ತಿರುವವನು ಕಬ್ಬಿನ ಗದ್ದೆಯಲ್ಲಿ ಬೆನ್ನು ಬಾಗಿಸಿ ಸಾವಿಗಾಗಿ ಕಾಯುತ್ತಿದ್ದಾನೆ. ಇಡೀ ಹಾಡಿನ ಕೀಲಿ ಆ ಕಬ್ಬು. ಕಬ್ಬಿನ ತೋಟಗಳಿದ್ದದ್ದು ಕೆಂಟಕಿಯಲ್ಲಲ್ಲ, ದೂರದ ಲೂಸಿಯಾನದಲ್ಲಿ. ಕೆಂಟಕಿಯ ಒಡೆಯರು ಗುಲಾಮರನ್ನು ಕುಟುಂಬದಿಂದ ಕಿತ್ತು ನದಿಯ ಕೆಳಹರಿವಿನ ಆ ಸೀಮೆಗೆ ಮಾರುತ್ತಿದ್ದರು. ಫಾಸ್ಟರನ ಕರಡಿನಲ್ಲಿ ಇದು ಅಂಕಲ್ ಟಾಮ್‌ಗೆ ಹೇಳುವ ವಿದಾಯವಾಗಿತ್ತು. ಆ ಟಾಮ್‌ನ ಕಥೆ ಹೇಳುವ ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ಕಾದಂಬರಿ ಪುಸ್ತಕವಾಗಿ ಬಂದದ್ದು 1852ರಲ್ಲಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್, ಗುಲಾಮರ ಬಗ್ಗೆ ಕರುಣೆ ಹುಟ್ಟಿಸುವ ಹಾಡುಗಳಲ್ಲಿ ಇದನ್ನೂ 1855ರಲ್ಲಿ ಹೆಸರಿಸಿದ. ಡಗ್ಲಸ್‌ಗಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಇಲ್ಲಿ, ಪದ ತಿದ್ದಿದರೆ ಸಾಕೆನ್ನುವ ತಿದ್ದುಪಡಿ ಪಂಥದವರೊಡನೆ ನನ್ನ ಹಳೆಯ ಜಗಳ. 1986ರಲ್ಲಿ ಜಪಾನಿನ ಯುವಜನರು ಕೆಂಟಕಿಯ ಶಾಸನಸಭೆಯಲ್ಲಿ ಹಾಡನ್ನು, ಕಪ್ಪು ಜನರಿಗೆ ಮೂಲದಲ್ಲಿದ್ದ ಅವಹೇಳನದ ಪದದೊಂದಿಗೇ ಹಾಡಿದರು. ನೊಂದ ಶಾಸಕ ಕಾರ್ಲ್ ಹೈನ್ಸ್ ನಿರ್ಣಯ ತಂದರು, ಆ ಜಾಗಕ್ಕೆ 'ಜನ' ಎಂಬ ಪದ ಬಂತು. ಆ ಪದ ಹೋಗಬೇಕಾದದ್ದೇ, ಹೈನ್ಸ್ ಮಾಡಿದ್ದು ಸರಿ. ಆದರೆ ಅಷ್ಟಕ್ಕೆ ಕೆಲಸ ಮುಗಿಯಿತೆನ್ನುವವರನ್ನು ಒಪ್ಪಲಾರೆ. ಅಗಲುವವನು ಗುಲಾಮನೆಂಬ ಗುರುತೂ ಆ ಪದದೊಡನೆ ಅಳಿಸಿತು. ಮಾರಾಟವಾದವನ ಗೋಳು ಎಲ್ಲರ ತವರಿನ ಹಂಬಲವಾಗಿ ಕೇಳುತ್ತಿದೆ.

'ರಾಗ ಚೆನ್ನಾಗಿದೆ, ಸಾಹಿತ್ಯ ಯಾಕೆ ಕೆದಕಬೇಕು' ಎನ್ನುವ ರಸಿಕರೂ ಇದ್ದಾರೆ. ಆ ರಾಗ ಅಷ್ಟು ಮೆಲ್ಲಗೆ ಇಳಿಯುವುದೇ ಅಗಲಿಕೆಗಾಗಿ.

ಇಂಥದೇ ಹಾಡಿನ ವಿಷಯದಲ್ಲಿ ವರ್ಜೀನಿಯಾ ಬೇರೆ ದಾರಿ ಹಿಡಿಯಿತು. ಕಪ್ಪು ಜನಾಂಗದ ಜೇಮ್ಸ್ ಬ್ಲಾಂಡ್ 1878ರಲ್ಲಿ ರಚಿಸಿದ ಹಾಡನ್ನು 1940ರಲ್ಲಿ ರಾಜ್ಯಗೀತೆ ಮಾಡಿ, 1997ರಲ್ಲಿ ಗೌರವದಿಂದಲೇ ನಿವೃತ್ತಿಗೊಳಿಸಿತು. ಕೆಂಟಕಿಗೆ ಅದು ಬೇಡವಾದರೆ ಬೇಡ. ಹಾಡುವುದಾದರೆ ಡರ್ಬಿ ಮೈದಾನದಲ್ಲಿ ಮೂರೂ ಚರಣ ಹಾಡಲಿ. ಆಗದಿದ್ದರೆ ರಾಜ್ಯಗೀತೆಯ ಪಟ್ಟದಿಂದ ಇಳಿಸಲಿ.