ನಂಬರು ಸಿಕ್ಕಿತು, ಇಸವಿ?

ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿಗಳು ಎಣ್ಣೆ ಕಂಡು ಹೊರಗೆ ಬರುತ್ತವೆ, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂ ಏರುತ್ತದೆ. ನನಗೆ ಫೋಟೊಗಳು ಬರುವುದೂ ಆ ವಾರವೇ ಹೆಚ್ಚು. ಜೋಡುನಳಿಗೆಯ ಇಂಗ್ಲಿಷ್ ಕೋವಿ, ಟ್ರಿಗರ್ ಗಾರ್ಡಿನ ಬಾಲದ ಮೇಲೆ ನಾಲ್ಕೋ ಐದೋ ಅಂಕಿ, ಕೆಳಗೊಂದು ಸಾಲು: ‘ಮುತ್ತಜ್ಜನ ಕಾಲದ್ದಂತೆ, ನಂಬರ್ ನೋಡಿ ಇಸವಿ ಹೇಳಿ.’

ಹೇಳಲಾಗುವುದಿಲ್ಲ. ಅಂಕಿಗೆ ಸ್ವಂತ ನೆನಪಿಲ್ಲ. ಅದರ ನೆನಪೆಲ್ಲ ತಯಾರಕರ ಲೆಡ್ಜರಿನಲ್ಲಿದೆ. ಲಂಡನ್ನಿನ ಪರ್ಡಿಯಂಥವರದಾದರೆ ಪುಸ್ತಕ ಉಳಿದಿದೆ, ಕೇಳಬಹುದು. ನಮ್ಮಲ್ಲಿಗೆ ಬಂದ ಬಹಳಷ್ಟು ಕೋವಿಗಳಾದರೋ ಬರ್ಮಿಂಗ್‌ಹ್ಯಾಮಿನ ಸಣ್ಣ ಕಾರ್ಯಾಗಾರಗಳಲ್ಲಿ ಹುಟ್ಟಿ, ಮಾರಿದ ಅಂಗಡಿಯ ಹೆಸರು ಹೊತ್ತು ಹಡಗು ಹತ್ತಿದವು. ಅಂಥವುಗಳ ಮೇಲಿನ ನಂಬರು ಯಾರ ಲೆಕ್ಕದ್ದು ಎಂದು ತಿಳಿಯುವುದೇ ಕಷ್ಟ. ಇನ್ನು ನಳಿಗೆಯ ಮೇಲೆ ಚಿನ್ನದಲ್ಲಿ ಕೂರಿಸಿದ ಒಂಟಿ ‘2’ ಕಂಡರೆ ಅದು ಸರಣಿಯ ಎರಡನೇ ಕೋವಿ ಎಂದು ಹಿಗ್ಗಬೇಡಿ. ಜೋಡಿಯಾಗಿ ಮಾಡಿಸಿದ ಕೋವಿಗಳಲ್ಲಿ ಅದು ಎರಡನೆಯದು ಎಂದಷ್ಟೇ ಅರ್ಥ. ಒಂದನೆಯದು ಯಾವ ಸೋದರನ ಪಾಲಿಗೆ ಹೋಯಿತೋ ನಿಮ್ಮ ಮನೆಯವರೇ ಹೇಳಬೇಕು.

ಆದ್ದರಿಂದ ನಾನು ಮೊದಲು ಕೇಳುವುದು ನಳಿಗೆ ಕಳಚಿ ಮಗುಚಿ ತೆಗೆದ ಫೋಟೊ. ಅಲ್ಲಿ, ಸಾಮಾನ್ಯವಾಗಿ ಯಾರೂ ನೋಡದ ಜಾಗದಲ್ಲಿ, ಕಾಯ್ದೆಯ ಪ್ರಕಾರ ನಡೆದ ಪರೀಕ್ಷೆಯ ಮುದ್ರೆಗಳಿರುತ್ತವೆ. 1813ರಲ್ಲಿ ಶುರುವಾದ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನಲ್ಲಿ ಹೆಚ್ಚಿನ ಮದ್ದು ತುಂಬಿ ಹೊಡೆದು, ನಳಿಗೆ ತಡೆದುಕೊಂಡರೆ ಮುದ್ರೆ ಒತ್ತುತ್ತಿದ್ದರು. ನಿಯಮ ಬದಲಾದಾಗಲೆಲ್ಲ ಮುದ್ರೆಯೂ ಬದಲಾಯಿತು, ನಮಗೆ ಬೇಕಾದದ್ದೂ ಅದೇ. ‘ನಾಟ್ ಫಾರ್ ಬಾಲ್’ ಎಂದಿದ್ದರೆ ಕೋವಿ 1875ರಿಂದ 1887ರ ನಡುವಿನದು. ಆಮೇಲೆ ಆ ಜಾಗಕ್ಕೆ ‘ಚೋಕ್’ ಬಂತು. ಕಿರೀಟದ ಕೆಳಗೆ ಎನ್.ಪಿ. ಅಂದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದದ್ದು, 1904ರ ನಂತರದ ಗುರುತು. 1921ರಿಂದ ಒಂದು ಪುಟ್ಟ ಮುದ್ರೆಯೊಳಗೆ ವರ್ಷಕ್ಕೊಂದು ಅಕ್ಷರವನ್ನೂ ಸೇರಿಸಿದರು. ಒಂದು ಎಚ್ಚರಿಕೆ: ಹಳೇ ಕೋವಿಯನ್ನು ಮತ್ತೆ ಪರೀಕ್ಷೆಗೆ ಒಡ್ಡಿ ಹೊಸ ಮುದ್ರೆ ಹಾಕಿಸಿದ್ದುಂಟು. ಎರಡು ಕಾಲದ ಮುದ್ರೆಗಳಿದ್ದರೆ ಹಳೆಯದನ್ನೇ ನಂಬಿ.

ಸೇನೆಯ ಲೀ-ಎನ್‌ಫೀಲ್ಡ್ ರೈಫಲ್ಲಿನ ಕಥೆ ಸುಲಭ. ಹಿಡಿಯ ಮರ ಕೂರುವ ಉಕ್ಕಿನ ಪಟ್ಟಿಯ ಮೇಲೆ ಕಿರೀಟ, ಕಾರ್ಖಾನೆ, ಇಸವಿ ಎಲ್ಲವನ್ನೂ ಒತ್ತಿಬಿಟ್ಟಿರುತ್ತಾರೆ. ಅಲ್ಲಿ ನಂಬರನ್ನು ಇಸವಿಗಾಗಿ ನೆಚ್ಚುವುದೇ ತಪ್ಪು. 9999 ಮುಗಿದರೆ ಮುಂದಿನ ಅಕ್ಷರ ಹಿಡಿದು ಮತ್ತೆ ಮೊದಲಿನಿಂದ ಎಣಿಕೆ. ಅದೇ ನಂಬರು ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಯಲ್ಲೂ ಬಂಗಾಳದ ಇಛಾಪುರದ ಕಾರ್ಖಾನೆಯಲ್ಲೂ ಹುಟ್ಟಬಹುದು.

ಲೆಡ್ಜರ್ ಇದ್ದರೂ ತಕರಾರು ಮುಗಿಯುವುದಿಲ್ಲ. ಅಮೆರಿಕದ ವಿಂಚೆಸ್ಟರ್ ಕಂಪನಿಯ ಹಳೇ ದಾಖಲೆಗಳು ಈಗ ವಯೋಮಿಂಗಿನ ಕೋಡಿ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ನಂಬರು ಒತ್ತಿದ ದಿನ ಬೇರೆ, ಬಂದೂಕು ಜೋಡಣೆಯಾಗಿ ಗೋದಾಮು ಸೇರಿದ ದಿನ ಬೇರೆ, ಅಲ್ಲಿಂದ ಹೊರಟ ದಿನ ಮತ್ತೂ ಬೇರೆ. ಯಾವುದು ಹುಟ್ಟಿದ ದಿನ? ಹರಾಜುಕಟ್ಟೆಯವರು ಲಾಭ ಕಂಡದ್ದನ್ನು ಆರಿಸಿಕೊಳ್ಳುತ್ತಾರೆ. ನಾನು ನಂಬರು ಒತ್ತಿದ ದಿನದ ಪಕ್ಷ.

ನಂಬರಿನ ನಿಜವಾದ ಬಲ ಇಸವಿಯಲ್ಲಿಲ್ಲ, ಗುರುತಿನಲ್ಲಿದೆ. 1914ರ ಆಗಸ್ಟ್ 26ರಂದು ಕಲ್ಕತ್ತೆಯ ಬಂದೂಕು ವ್ಯಾಪಾರಿ ರೋಡಾ ಕಂಪನಿಯ ಗುಮಾಸ್ತ ಶ್ರೀಶಚಂದ್ರ ಮಿತ್ರ ಕಸ್ಟಮ್ಸ್‌ನಿಂದ 202 ಪೆಟ್ಟಿಗೆ ಬಿಡಿಸಿಕೊಂಡು 192ನ್ನು ಮಾತ್ರ ಗೋದಾಮಿಗೆ ಮುಟ್ಟಿಸಿದ. ಉಳಿದ ಹತ್ತು ಕ್ರಾಂತಿಕಾರಿಗಳ ಕೈ ಸೇರಿದವು. ಅವುಗಳೊಳಗೆ 50 ಮೌಸರ್ ಪಿಸ್ತೂಲು, 46,000 ತೋಟೆ. ಪಿಸ್ತೂಲಿನ ಮರದ ಪೆಟ್ಟಿಗೆಯನ್ನೇ ಹಿಡಿಗೆ ಸಿಕ್ಕಿಸಿದರೆ ಭುಜಕ್ಕೊತ್ತಿ ಹೊಡೆಯುವ ರೈಫಲ್ಲಾಗುವ ಮಾದರಿ ಅದು. ಆದರೆ ಕಂಪನಿ ಐವತ್ತರ ನಂಬರನ್ನೂ ಬರೆದಿಟ್ಟುಕೊಂಡಿತ್ತು. ಬಂಗಾಳದಲ್ಲಿ ಎಲ್ಲೇ ಮೌಸರ್ ಸಿಕ್ಕರೂ ಪೊಲೀಸರು ಪಟ್ಟಿಯೊಡನೆ ತಾಳೆ ನೋಡಿದರೆ ಸಾಕಾಗುತ್ತಿತ್ತು. 1918ರ ರೌಲಟ್ ಸಮಿತಿಯ ವರದಿ 54 ಪ್ರಕರಣಗಳನ್ನು ಈ ಪಿಸ್ತೂಲುಗಳಿಗೆ ಗಂಟುಹಾಕಿದೆ. ಅಷ್ಟರೊಳಗೆ 31 ಪಿಸ್ತೂಲುಗಳು ಮರಳಿ ಸಿಕ್ಕಿದ್ದವು. ಒಬ್ಬ ಗುಮಾಸ್ತ ಪೆಟ್ಟಿಗೆ ಹಾರಿಸಿದ, ಇನ್ನೊಬ್ಬ ಗುಮಾಸ್ತನ ಬರಹ ಅವನ್ನು ಬೆನ್ನಟ್ಟಿತು. ಇಡೀ ಪ್ರಕರಣದಲ್ಲಿ ನನಗೆ ಇಷ್ಟವಾಗುವುದು ಈ ಎರಡನೆಯವನೇ.

ಹಬ್ಬದ ಹುರುಪಿನಲ್ಲಿ ಕೋವಿಗೆ ಮರಳುಕಾಗದ ಹಿಡಿಯುವವರಿಗೆ ಒಂದು ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ಪ್ರಕಾರ ನಂಬರು ಅಳಿಸುವುದು, ತಿದ್ದುವುದು ಅಪರಾಧ. ಅಳಿಸಿದ ಕೋವಿ ನಿಮ್ಮಲ್ಲಿ ಸಿಕ್ಕರೆ ಅಳಿಸಿದವರು ನೀವಲ್ಲವೆಂದು ನೀವೇ ಸಾಬೀತು ಮಾಡಬೇಕು. ಸವೆದ ಅಂಕಿ ಕಾಣದಿದ್ದರೆ ತೋಟೆ ಇಲ್ಲವೆಂದು ಖಚಿತ ಮಾಡಿಕೊಂಡು, ಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣದ ಪುಡಿ ತೀಡಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ಫೋಟೊ ಆಮೇಲೆ ತೆಗೆಯಿರಿ, ನಳಿಗೆಯ ಅಡಿಭಾಗದ್ದನ್ನೂ ಸೇರಿಸಿ.