ಎರಡು ಬುದ್ಧಿಗಳ ರೂಪಕ

2024ರಲ್ಲಿ ದಿವಂಗತರಾದ ಡೇನಿಯಲ್ ಕಾನೆಮನ್ನರ ‘ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ’ ಎಂಬ ಗ್ರಂಥವು 2011ರಲ್ಲಿ ಪ್ರಕಟವಾಗಿ, ಮನಶ್ಶಾಸ್ತ್ರದ ಗಹನ ವಿಷಯವನ್ನು ಕಥೆಯಂತೆ ನಿರೂಪಿಸಿ ಲೋಕಪ್ರಿಯವಾಯಿತು. ಇದರಲ್ಲಿ ಪಾತ್ರಗಳೆರಡು. ಮೊದಲನೆಯದು ಶ್ರಮವಿಲ್ಲದೆ ಕ್ಷಣಮಾತ್ರದಲ್ಲಿ ನಿರ್ಣಯಿಸುವ ಬುದ್ಧಿ. ಎರಡನೆಯದು ಗಮನವಿಟ್ಟು ವಿಚಾರಿಸಬಲ್ಲುದಾದರೂ ಸ್ವಭಾವತಃ ಸೋಮಾರಿಯಾದ ಬುದ್ಧಿ. ಈ ವಿಭಾಗವು ಗ್ರಂಥಕರ್ತರ ಹೊಸ ಸೃಷ್ಟಿಯಲ್ಲ. ವಿಲಿಯಂ ಜೇಮ್ಸರು 1890ರಲ್ಲಿಯೇ ಸಾಹಚರ್ಯದಿಂದ ಹುಟ್ಟುವ ಯೋಚನೆಯನ್ನೂ ನಿಜವಾದ ತರ್ಕವನ್ನೂ ಬೇರ್ಪಡಿಸಿದ್ದರು.

ಗ್ರಂಥದಲ್ಲಿ ಬರುವ ಒಂದು ಲೆಕ್ಕವು ಪ್ರಸಿದ್ಧವಾದುದು. ಬ್ಯಾಟು ಚೆಂಡುಗಳೆರಡಕ್ಕೂ ಕೂಡಿ 110 ಸೆಂಟು; ಚೆಂಡಿಗಿಂತ ಬ್ಯಾಟಿಗೆ 100 ಸೆಂಟು ಹೆಚ್ಚು; ಹಾಗಾದರೆ ಚೆಂಡಿನ ಬೆಲೆಯೆಷ್ಟು? ಹತ್ತೆಂಬ ಉತ್ತರವು ಥಟ್ಟನೆ ನಾಲಗೆಗೆ ಬರುವುದು, ಸರಿಯಾದುದು ಐದು. ಹತ್ತೆಂದವನು ತನ್ನ ಉತ್ತರವನ್ನು ಪರೀಕ್ಷಿಸದ ಆಲಸಿಯೆಂಬುದು ಗ್ರಂಥಕರ್ತರ ತೀರ್ಪು.

ಈ ತೀರ್ಪು ಅಷ್ಟು ಸುಲಭವಲ್ಲವೆಂದು ಅನಂತರದ ಪ್ರಯೋಗಗಳು ತೋರಿಸಿವೆ. ವಿಮ್ ಡಿ ನೇಯ್ಸ್ ಮತ್ತು ಸಂಗಡಿಗರು 2013ರಲ್ಲಿ ಕಂಡಂತೆ, ತಪ್ಪಿದವರಿಗೆ ಈ ಲೆಕ್ಕದ ಉತ್ತರದಲ್ಲಿದ್ದ ನಂಬಿಕೆಯು, ತೊಡಕಿಲ್ಲದ ಅಂತಹುದೇ ಲೆಕ್ಕದಲ್ಲಿದ್ದುದಕ್ಕಿಂತ ಕಡಿಮೆ. ಸೋಮಾರಿಯೆನಿಸಿಕೊಂಡವನ ಮನದಲ್ಲಿಯೂ ಸಂಶಯವು ಮಿಡುಕುತ್ತಿತ್ತು. 2019ರಲ್ಲಿ ಬಾಗೋ ಎಂಬವರೊಡನೆ ಅವರು ಪ್ರಕಟಿಸಿದ ಪ್ರಯೋಗಗಳಲ್ಲಿ, ಸರಿಯುತ್ತರವಿತ್ತ ಅನೇಕರು ವಿಚಾರಕ್ಕೆ ಅವಕಾಶವಿಲ್ಲದ ಮೊದಲ ಕ್ಷಣದಲ್ಲಿಯೇ ಅದನ್ನು ಹೇಳಿದ್ದರು. ಹೀಗಿರಲು, ವೇಗವು ತಪ್ಪಿನ ತವರೆಂದೂ ನಿಧಾನವು ವಿವೇಕದ ನೆಲೆಯೆಂದೂ ಹೇಳುವಂತಿಲ್ಲ.

ದೋಷದ ಮೂಲವು ಶೈಲಿಯಲ್ಲಿದೆ. ಈ ಎರಡು ಬುದ್ಧಿಗಳು ಕಲ್ಪಿತವೆಂದು ಗ್ರಂಥಕರ್ತರೇ ಒಪ್ಪಿರುವರು. ಆದರೆ ಪುಟಪುಟದಲ್ಲಿಯೂ ಅವು ನಂಬುವುವು, ಮೋಸಹೋಗುವುವು, ಮೈಗಳ್ಳತನ ಮಾಡುವುವು. ಉಪಮೆಯಲ್ಲಿ ‘ಅಂತೆ’ ಎಂಬ ಮಾತು ಓದುಗನನ್ನು ಎಚ್ಚರದಲ್ಲಿಡುವುದು. ರೂಪಕದಲ್ಲಿ ಅದು ಅಳಿದು, ಹೋಲಿಕೆಯೇ ವಸ್ತುವಾಗುವುದು. ಕಾವ್ಯಕ್ಕೆ ಗುಣವಾದುದು ಶಾಸ್ತ್ರದಲ್ಲಿ ಅಪಾಯಕರ. ಒಂದೇ ಮನಸ್ಸಿನ ನಾನಾ ವ್ಯಾಪಾರಗಳನ್ನು ಇಬ್ಬರು ವ್ಯಕ್ತಿಗಳನ್ನಾಗಿಸಿದರೆ, ಮನುಷ್ಯರನ್ನೂ ಅವಸರದ ಮೂಢರೆಂದೂ ನಿಧಾನದ ಜಾಣರೆಂದೂ ವಿಂಗಡಿಸುವ ಚಾಪಲ್ಯವು ಬೆಳೆಯುವುದು. ಶಾಲೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಈ ವಿಂಗಡಣೆಯಿಂದಾಗುವ ಕೇಡು ಅಲ್ಪವಲ್ಲ.

ಗ್ರಂಥಕರ್ತರ ಪ್ರಾಮಾಣಿಕತೆಯಾದರೋ ಪ್ರಶಂಸನೀಯ. ಸೂಚನೆಗಳ ಅಜ್ಞಾತ ಪ್ರಭಾವವನ್ನು ಕುರಿತ ಅಧ್ಯಾಯದಲ್ಲಿ, ಅಲ್ಪಸಂಖ್ಯೆಯ ಜನರ ಮೇಲೆ ನಡೆದ ಪ್ರಯೋಗಗಳನ್ನು ತಾವು ಅತಿಯಾಗಿ ನಂಬಿದುದಾಗಿ ಅವರು 2017ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಗ್ರಂಥವು ಅವಶ್ಯವಾಗಿ ಓದತಕ್ಕುದು. ಅಳಿಸಿಹೋದ ‘ಅಂತೆ’ಯನ್ನು ಓದುಗರು ಪ್ರತಿ ಪುಟದಲ್ಲಿಯೂ ತಾವೇ ಸೇರಿಸಿಕೊಳ್ಳಬೇಕು.