ಗಡಿಗಲ್ಲಿನ ಮೇಲೆ ಫ್ರಿಡಾ

ಮೆಕ್ಸಿಕೋದ ಚಿತ್ರಕಲಾವಿದೆ ಫ್ರಿಡಾ ಕಾಹ್ಲೋ ಚಿತ್ರಶಾಲೆಯ ಮೆಟ್ಟಿಲು ಹತ್ತಿ ಕಲಿತವಳಲ್ಲ. 1925ರಲ್ಲಿ ಮೆಕ್ಸಿಕೋ ನಗರದ ಬಸ್ ಅಪಘಾತ ಅವಳ ಬೆನ್ನುಮೂಳೆ ಮುರಿಯಿತು. ಅಮ್ಮ ಮಂಚದ ಮೇಲ್ಗಡೆ ಕನ್ನಡಿ ಹಾಕಿಸಿದಳು. ಮಲಗಿದಲ್ಲೇ ತನ್ನ ಮುಖ ನೋಡುತ್ತ ಫ್ರಿಡಾ ಚಿತ್ರ ಬರೆದಳು. ಅಂತರಂಗದ ಬಾಗಿಲು ತೆರೆದದ್ದು ಆ ಕನ್ನಡಿಯಲ್ಲೇ.

1932ರಲ್ಲಿ ಡೆಟ್ರಾಯಿಟ್‌ನಲ್ಲಿ ತಗಡಿನ ಮೇಲೆ ಬರೆದ ಅವಳ ಚಿತ್ರವೊಂದು ನನಗೆ ಬಲು ಪ್ರಿಯ. ಗುಲಾಬಿ ಉಡುಪಿನ ಫ್ರಿಡಾ ಎರಡು ದೇಶಗಳ ಗಡಿಗಲ್ಲಿನ ಮೇಲೆ ನಿಂತಿದ್ದಾಳೆ, ಕೈಯಲ್ಲಿ ಮೆಕ್ಸಿಕೋದ ಪುಟ್ಟ ಬಾವುಟ. ಒಂದು ಕಡೆ ಪ್ರಾಚೀನ ದೇಗುಲ, ಸೂರ್ಯ-ಚಂದ್ರರು, ಹೂಗಿಡಗಳು. ಇನ್ನೊಂದು ಕಡೆ ಫೋರ್ಡ್ ಕಾರ್ಖಾನೆಯ ಚಿಮಣಿಗಳು, ಹೊಗೆಯೊಳಗೆ ಅಮೆರಿಕದ ಬಾವುಟ. ನೆಲದಡಿ ಕಣ್ಣು ಹಾಯಿಸಿದರೆ, ಯಂತ್ರದ ವಯರು ಗಿಡದ ಬೇರನ್ನು ಮುಟ್ಟಿದೆ. ಪುರಾಣ, ರಾಜಕೀಯ, ಮನಸ್ಸು ಮೂರಕ್ಕೂ ಅಲ್ಲಿ ಒಂದೇ ಮಣ್ಣು.